ಜಾಗ ಬಿಟ್ಟ ಪರಮಾಣು ವಾಪಸ್ ಬರುತ್ತದಾ?

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಫಾಸ್ಟ್ ರಿಯಾಕ್ಟರಿನಲ್ಲಿ, ಅಂದರೆ ವೇಗದ ನ್ಯೂಟ್ರಾನ್‌ಗಳಿಂದ ನಡೆಯುವ ಪರಮಾಣು ಸ್ಥಾವರದಲ್ಲಿ, ಇಂಧನವನ್ನು ತೆಳ್ಳನೆಯ ಸ್ಟೀಲ್ ಕೊಳವೆಗಳಲ್ಲಿ ತುಂಬಿಡುತ್ತಾರೆ. ಕೊಳವೆ ಹೊರಗೆ ಬರುವಷ್ಟರಲ್ಲಿ, ಲೆಕ್ಕದ ಪ್ರಕಾರ, ನ್ಯೂಟ್ರಾನ್‌ಗಳು ಅದರ ಒಂದೊಂದು ಪರಮಾಣುವನ್ನೂ ಸುಮಾರು ನೂರು ಸಲ ಜಾಗ ಬಿಡಿಸಿರುತ್ತವೆ. ನೂರು ಸಲ! ಆದರೂ ಕೊಳವೆ ಗಟ್ಟಿಯಾಗಿ ನಿಂತಿರುತ್ತದೆ. ಹೇಗೆ?

ಚೆನ್ನೆಮಣೆ ನೆನಪು ಮಾಡಿಕೊಳ್ಳಿ. ಗುಳಿಗೊಂದರಂತೆ ಕಾಯಿ ಇಟ್ಟಿದ್ದೀರಿ ಅಂದುಕೊಳ್ಳಿ. ಕಬ್ಬಿಣದ ಹರಳಿನಲ್ಲಿ ಪರಮಾಣುಗಳು ಹೀಗೇ ಕೂತಿರುತ್ತವೆ. ಒಂದನ್ನು ಎಬ್ಬಿಸಲು ಸುಮಾರು 40 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿಯನ್ನು ಅಳೆಯುವ ಪುಟ್ಟ ಅಳತೆ) ಶಕ್ತಿ ಸಾಕು. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟಿನ ನ್ಯೂಟ್ರಾನ್ ನೇರವಾಗಿ ಬಡಿದರೆ ಕಬ್ಬಿಣದ ಪರಮಾಣುವಿಗೆ ಸಿಗುವುದು ಅದರ ಏಳು ಪರ್ಸೆಂಟ್ ಮಾತ್ರ. ಆದರೆ ಅದೂ ಬೇಕಾದ್ದಕ್ಕಿಂತ ಸಾವಿರ ಪಟ್ಟು ಜಾಸ್ತಿ! ಏಟು ತಿಂದ ಪರಮಾಣು ಪಕ್ಕದ್ದನ್ನು ಗುದ್ದುತ್ತದೆ, ಅದು ಇನ್ನೊಂದನ್ನು. ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ ಆ ಜಾಗ ಕರಗಿದ ಲೋಹದಂತೆ ಕಲಸಿಹೋಗುತ್ತದೆ.

ಇದನ್ನು ಕಣ್ಣಲ್ಲಿ ನೋಡಲು ಆಗುವುದಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ನೋಡುತ್ತೇವೆ. 1960ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿನ್‌ಯಾರ್ಡ್ ಮತ್ತು ಜೊತೆಗಾರರು ತಾಮ್ರದ ಕೆಲವು ನೂರು ಪರಮಾಣುಗಳಿಗೆ ನ್ಯೂಟನ್ನನ ನಿಯಮ ಹಚ್ಚಿ ಇದೇ ಕೆಲಸ ಮಾಡಿದರು. ಇವತ್ತು ನಾವು ಲಕ್ಷಗಟ್ಟಲೆ ಪರಮಾಣುಗಳನ್ನು ಓಡಿಸುತ್ತೇವೆ.

ಅಲ್ಲಿ ಕಂಡಿದ್ದೇನು ಗೊತ್ತಾ? ಗಲಾಟೆ ಮುಗಿದ ಮೇಲೆ ಹೆಚ್ಚಿನ ಪರಮಾಣುಗಳು ಯಾವುದೋ ಒಂದು ಖಾಲಿ ಗುಳಿ ಹುಡುಕಿ ಕೂತುಬಿಡುತ್ತವೆ. 1975ರಿಂದ ಎಲ್ಲರೂ ಬಳಸುವ ಸೂತ್ರ, ಹತ್ತು ಸಾವಿರ ಎಲೆಕ್ಟ್ರಾನ್ ವೋಲ್ಟಿಗೆ ನೂರು ಖಾಲಿ ಗುಳಿ ಎನ್ನುತ್ತದೆ. ಕಂಪ್ಯೂಟರಿನಲ್ಲಿ ಕೊನೆಗೆ ಉಳಿಯುವುದು ಅದರ ಮೂರನೇ ಒಂದು ಪಾಲು. ಲೋಹ ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳುತ್ತದೆ. ನಾವು ಲೆಕ್ಕ ಹಾಕಬೇಕಾದ್ದು ವಾಸಿಯಾಗದೆ ಉಳಿದದ್ದನ್ನು.

ಇಲ್ಲಿ ಒಂದು ಎಚ್ಚರಿಕೆ. ಪರಮಾಣುಗಳು ಒಂದನ್ನೊಂದು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಅನ್ನುವ ನಿಯಮವನ್ನು ಕೊಡುವವರು ನಾವೇ. ಅದು ತಪ್ಪಾದರೆ ಎಲ್ಲವೂ ತಪ್ಪು. ಕಬ್ಬಿಣದಲ್ಲಿ ಹೀಗೇ ಆಗಿತ್ತು. ಜಾಗ ಸಿಗದೆ ನಡುವೆ ಸಿಕ್ಕಿಕೊಂಡ ಪರಮಾಣು ಯಾವ ದಿಕ್ಕಿಗೆ ಮುಖ ಮಾಡಿ ಕೂರುತ್ತದೆ ಎಂಬುದನ್ನು ಹಳೆಯ ನಿಯಮಗಳು ಸರಿಯಾಗಿ ಹೇಳಲಿಲ್ಲ. 2001ರ ಹೊತ್ತಿಗೆ ಕ್ವಾಂಟಂ ಲೆಕ್ಕ ಬಂದ ಮೇಲೆ ನಿಯಮವನ್ನೇ ಹೊಸದಾಗಿ ಬರೆಯಬೇಕಾಯಿತು. ಚಂದದ ಅನಿಮೇಶನ್ ನೋಡಿ ನಂಬಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಇನ್ನೊಂದು ಕಷ್ಟ ಸಮಯದ್ದು. ಡಿಕ್ಕಿ ಮುಗಿಯುವುದು ಕ್ಷಣದೊಳಗೆ, ಕೊಳವೆ ಬಾಳಬೇಕಾದ್ದು ವರ್ಷಗಟ್ಟಲೆ. ಪ್ರತಿ ಪರಮಾಣುವಿನ ಹಿಂದೆ ಅಷ್ಟು ದಿನ ಓಡಲು ಯಾವ ಕಂಪ್ಯೂಟರಿಗೂ ಆಗದು. ಆದ್ದರಿಂದ ಕಂಪನಗಳನ್ನೆಲ್ಲ ಬಿಟ್ಟು ಬರೀ ಜಿಗಿತಗಳನ್ನು ಎಣಿಸುತ್ತೇವೆ. ಆಮೇಲೆ ಕಿರಾಣಿ ಅಂಗಡಿಯ ಜಮಾ-ಖರ್ಚಿನಂತೆ ಖಾಲಿ ಗುಳಿಗಳು, ಸಿಕ್ಕಿಕೊಂಡ ಪರಮಾಣುಗಳು ಎಷ್ಟು ಹುಟ್ಟಿದವು, ಎಷ್ಟು ಅಳಿದವು ಎಂದು ಬರೆಯುತ್ತೇವೆ.

ಈ ಜಮಾ-ಖರ್ಚಿನಲ್ಲಿ ಸಣ್ಣ ವ್ಯತ್ಯಾಸವೂ ದೊಡ್ಡದು. ಸ್ಕಾಟ್ಲೆಂಡಿನ ಡೂನ್‌ರೇ ರಿಯಾಕ್ಟರಿನ ಸ್ಟೀಲನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದ ಕಾಥಾರ್ನ್ ಮತ್ತು ಫುಲ್ಟನ್, ಒಳಗೆಲ್ಲ ಪುಟ್ಟ ಪುಟ್ಟ ಪೊಳ್ಳುಗಳಿವೆ ಎಂದು 1967ರಲ್ಲಿ ಪ್ರಕಟಿಸಿದರು. ಹರಳಿನ ಸಾಲು ತಪ್ಪಿದ ಜಾಗಗಳು ಸಿಕ್ಕಿಕೊಂಡ ಪರಮಾಣುಗಳನ್ನು ಖಾಲಿ ಗುಳಿಗಳಿಗಿಂತ ಒಂಚೂರು ಜಾಸ್ತಿ ಎಳೆದುಕೊಳ್ಳುತ್ತವೆ. ಉಳಿದ ಗುಳಿಗಳು ಒಟ್ಟುಗೂಡಿ ಪೊಳ್ಳಾಗುತ್ತವೆ. ಸ್ಟೀಲ್ ಊದಿಕೊಳ್ಳುತ್ತದೆ.

ಕಲ್ಪಾಕ್ಕಂನ 500 ಮೆಗಾವ್ಯಾಟ್ ರಿಯಾಕ್ಟರಿಗೆ ಟೈಟಾನಿಯಂ ಸೇರಿಸಿದ ಡಿ9 ಎಂಬ ಸ್ಟೀಲನ್ನು ಆರಿಸಿದ್ದು ಈ ಊತ ತಡೆಯಲೆಂದೇ. ಹೊಸ ಸ್ಟೀಲನ್ನು ಪರೀಕ್ಷಿಸಲು ವರ್ಷಗಟ್ಟಲೆ ಕಾಯುವ ಬದಲು ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಪರಮಾಣುಗಳನ್ನು, ಹಾರಿಸಿ, ಅಷ್ಟೇ ಏಟನ್ನು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕೊಡುತ್ತಾರೆ. ಆದರೆ ಏಟು ಅಷ್ಟು ಬೇಗ ಬಿದ್ದಾಗ ಊತ ಹೆಚ್ಚಾಗುವ ತಾಪಮಾನವೇ ಮೇಲಕ್ಕೆ ಸರಿಯುತ್ತದೆ. ಎಷ್ಟು ಸರಿಯಿತು ಎಂದು ತಿಳಿಯಲು ಮತ್ತೆ ಅದೇ ಜಮಾ-ಖರ್ಚಿನ ಲೆಕ್ಕಕ್ಕೇ ಬರಬೇಕು.

ನಮ್ಮ ಕೈಗಾದ ಜಿರ್ಕೋನಿಯಂ ಕೊಳವೆಗಳು ಊದುವುದಕ್ಕಿಂತ ಉದ್ದವಾಗುತ್ತವೆ, ಬಾಗುತ್ತವೆ. ಅದು ಬೇರೆಯೇ ಕಥೆ. ಯಾರಾದರೂ ಕೇಳಿದರೆ ಈಗ ಅದನ್ನೇ ಮಾತಾಡೋಣ.