ಆರು ದಿನ, ಐದು ಆಟ, ಒಂದು ರಾಜೀನಾಮೆ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಉಪನ್ಯಾಸ ಇಟ್ಟಿದ್ದಕ್ಕೆ ನಮ್ಮ ಕೂಟದ ಕಾರ್ಯದರ್ಶಿಗಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಹಿರಿಯರು ಆಗಲೇ ಕಣ್ಣು ಮುಚ್ಚಿಕೊಂಡು ಕೇಳೋಕೆ ಶುರು ಮಾಡಿದ್ದಾರೆ.

ಈ ಭಾಷಣ ಹುಟ್ಟಿದ್ದು ಹೋದ ತಿಂಗಳು, ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ. ಸ್ನೇಹಿತರ ಮಗಳು ಸೆವಾನಿಗೆ ಅರ್ಜಿ ಹಾಕಿದ್ದಾಳೆ ಅಂತ ಮಾತು ಬಂತು. ಪಕ್ಕದ ಎಲೆಯವರು ಹೋಳಿಗೆ ಮುರೀತಾ, "ಅಯ್ಯೋ, ಎಸ್‌ಇಸಿಯವರು ಒದ್ದು ಓಡಿಸಿದ ಕಾಲೇಜಲ್ವಾ ಅದು?" ಅಂದ್ರು. ಎಸ್‌ಇಸಿ ಅಂದ್ರೆ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಅಮೆರಿಕದ ದಕ್ಷಿಣದ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ. ನನಗೆ ತುಪ್ಪ ಗಂಟಲಲ್ಲೇ ನಿಂತಿತು. ಟೆನೆಸಿಯಲ್ಲಿ ಇಷ್ಟು ವರ್ಷ ಇದ್ದು, ಮಾಂಟೀಗಲ್ ಘಟ್ಟ ಹತ್ತಿ ಇಳಿದು, ಪಕ್ಕದಲ್ಲೇ ಇರೋ ಊರಿನ ಕಥೆ ನಮಗೆ ಗೊತ್ತಿಲ್ಲ ಅಂದ್ರೆ! ಓಡಿಸಲಿಲ್ಲ ಸ್ವಾಮಿ. ತಾನಾಗಿ ಎದ್ದು ಬಂತು. ಇವತ್ತು ನಾನು ಹೇಳಬೇಕಾದ್ದು ಇದೊಂದೇ. ನಿದ್ದೆ ಮಾಡೋರು ಇನ್ನು ನೆಮ್ಮದಿಯಾಗಿ ಮಾಡಬಹುದು.

ಅದರ ಪೂರ್ತಿ ಹೆಸರು ಯೂನಿವರ್ಸಿಟಿ ಆಫ್ ದಿ ಸೌತ್. 1857ರಲ್ಲಿ ಸ್ಥಾಪನೆ, ಪಾಠ ಶುರುವಾಗಿದ್ದು 1868ರಲ್ಲಿ, ನಡುವೆ ಅಂತರ್ಯುದ್ಧ. ಕಟ್ಟಿದವರು ಎಪಿಸ್ಕೋಪಲ್ ಚರ್ಚಿನ ದಕ್ಷಿಣದ ಬಿಷಪ್ಪರು, ಅವರಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರೂ ಇದ್ದರು. ಅದನ್ನು ಮುಚ್ಚಿಟ್ಟು ಬರೀ ಚೆಂದದ ಕಥೆ ಹೇಳೋದು ಸರಿಯಲ್ಲ. ಇನ್ನೊಂದು ವಿಷಯ ನಿಮಗೆ ಇಷ್ಟ ಆಗುತ್ತೆ. ಅಮೆರಿಕದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಪ್ರೆಸಿಡೆಂಟ್ ಇರ್ತಾರಲ್ಲ, ಇಲ್ಲಿ ಆಡಳಿತ ನಡೆಸೋರು ವೈಸ್-ಚಾನ್ಸಲರ್. ನಮ್ಮ ಮಾನಸಗಂಗೋತ್ರಿಯ ಹಾಗೇ, ಕುಲಪತಿಗಳು! ಕುಲಾಧಿಪತಿ ಅಂತ ಬಿಷಪ್ಪರೊಬ್ಬರು ಮೇಲೆ ಇರ್ತಾರೆ. ನಮ್ಮಲ್ಲಿ ರಾಜ್ಯಪಾಲರು ಇದ್ದಂತೆ.

ಈಗ 1899. ಹುಡುಗರ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಒಬ್ಬ ವಿದ್ಯಾರ್ಥಿ ಮ್ಯಾನೇಜರ್, ಹೆಸರು ಲೂಕ್ ಲೀ. ಗಮನಿಸಿ, ವಿದ್ಯಾರ್ಥಿ. ಗೇಟಿನ ದುಡ್ಡು ಹಂಚಿಕೊಳ್ಳೋ ವಿಷಯದಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆ ಜಗಳ ಆಗಿ ಆ ವರ್ಷದ ಪಂದ್ಯ ನಿಂತುಹೋಯಿತು. ಕೈ ಖಾಲಿ. ಲೀ ಏನು ಮಾಡಿದ? ರೈಲಿನ ವೇಳಾಪಟ್ಟಿ ಮುಂದಿಟ್ಟುಕೊಂಡು ಊರೂರಿಗೆ ಬರೆದು ಪಂದ್ಯ ಗೊತ್ತು ಮಾಡಿದ. ಇಪ್ಪತ್ತೊಂದು ಆಟಗಾರರು, ಕೋಚ್ ಬಿಲ್ಲಿ ಸೂಟರ್, ಮೈ ತಿಕ್ಕಿ ಆರೈಕೆ ಮಾಡೋಕೆ ಕ್ಯಾಲ್ ಬರೋಸ್ ಅನ್ನೋ ಕಪ್ಪು ವರ್ಣೀಯರು. ತಂಡದಲ್ಲಿ ಆಡೋಕೆ ಅವರ ಜನಕ್ಕೆ ಆಗ ಅವಕಾಶ ಇರಲಿಲ್ಲ, ಅದೂ ನೆನಪಿರಲಿ.

ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಾಸ್ ಮೇಲೆ 12–0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ, 10–0. ರಾತ್ರಿ ರೈಲಿನಲ್ಲೇ ನಿದ್ದೆ, ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್, 23–0. ಭಾನುವಾರ ಬಿಡುವು, ಬಿಷಪ್ಪರ ಕಾಲೇಜು, ಭಾನುವಾರ ಆಡೋ ಹಾಗಿಲ್ಲ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು, ಅಂದ್ರೆ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ, 34–0. ಮಂಗಳವಾರ ಮೆಂಫಿಸ್‌ನಲ್ಲಿ ಓಲ್ ಮಿಸ್, ಅಂದ್ರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯ, 12–0. ಆರು ದಿನ, ಐದು ಆಟ, ಹೋಗಿ ಬಂದದ್ದು ಸುಮಾರು 2,500 ಮೈಲಿ. ಎದುರಾಳಿಗಳಿಗೆ ಒಂದು ಪಾಯಿಂಟೂ ಇಲ್ಲ.

ಆಗಿನ ಆಟ ಈಗ ಟಿವಿಯಲ್ಲಿ ನೋಡೋ ಥರ ಇರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯೋಕೆ ನಿಯಮ ಒಪ್ಪಿದ್ದೇ 1906ರಲ್ಲಿ. ಅಲ್ಲಿವರೆಗೆ ಬರೀ ನುಗ್ಗೋದು, ತಳ್ಳೋದು, ಮೇಲೆ ಬೀಳೋದು. ಕಬಡ್ಡಿಗೆ ಚೆಂಡು ಕೊಟ್ಟಂಗೆ. ಸುಸ್ತಾಗಿ ಹೊರಗೆ ಹೋದವನು ಮತ್ತೆ ಒಳಗೆ ಬರೋ ಹಾಗಿಲ್ಲ. ಹಾಗಾಗಿ ಮೂಗು ಒಡೆದರೂ ನಿಂತು ಆಡಬೇಕು.

ಇದರ ಸುತ್ತ ದಂತಕಥೆಗಳು ಬೇಕಾದಷ್ಟಿವೆ. ಊರಿನ ಚಿಲುಮೆ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿಕೊಂಡು ಹೋಗಿದ್ದರಂತೆ, ಪರಊರಿನ ನೀರು ಹೊಟ್ಟೆಗೆ ಆಗಿಬರಲ್ಲ ಅಂತ. ಈ ಭಯ ನಮಗೆ ಹೊಸದಲ್ಲ! ರೈಲು ಹೊರಟ ಮೇಲೆ ನೋಡಿದರೆ ಆಟದ ಬೂಟುಗಳೇ ಹತ್ತಿಲ್ಲವಂತೆ. ಲೀ ತಂತಿ ಕಳಿಸಿ, ಹಿಂದೆ ಬರೋ ರೈಲಿನಲ್ಲಿ ತರಿಸಿಕೊಂಡನಂತೆ.

ಈ ಲೀ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ನನಗೆ ರಾತ್ರಿ ನಿದ್ದೆ ಬರಲ್ಲ. ಆಮೇಲೆ ನ್ಯಾಶ್‌ವಿಲ್‌ನಲ್ಲಿ ಟೆನೆಸಿಯನ್ ಪತ್ರಿಕೆ ಶುರು ಮಾಡಿದವನು ಇವನೇ. 1911ರಿಂದ ಆರು ವರ್ಷ ಸೆನೆಟರ್. ಮೊದಲ ಮಹಾಯುದ್ಧದಲ್ಲಿ ಕರ್ನಲ್. ಯುದ್ಧ ಮುಗಿಯಿತು, ಜರ್ಮನಿಯ ಕೈಸರ್ ಹಾಲೆಂಡಿಗೆ ಓಡಿಹೋಗಿ ಅಮೆರೋಂಗನ್ ಅನ್ನೋ ಕೋಟೆಮನೆಯಲ್ಲಿ ಅಡಗಿ ಕೂತ. 1919ರ ಜನವರಿ. ನಮ್ಮ ಲೀ ಆರೇಳು ಜನರನ್ನು ಕಾರುಗಳಲ್ಲಿ ಕೂರಿಸಿಕೊಂಡು ಸೀದಾ ಬಾಗಿಲಿಗೇ ಹೋದ. ಉದ್ದೇಶ ಏನು? ಕೈಸರ್‌ನನ್ನು ಎತ್ತಿಕೊಂಡು ಬರೋದು! ಒಳಗೆ ಕರೆದು ಕೂರಿಸಿದರು. ಕೈಸರ್ ಹೊರಗೆ ಬರಲೇ ಇಲ್ಲ. ಅಷ್ಟರಲ್ಲಿ ಡಚ್ ಸೈನಿಕರು ಮನೆ ಸುತ್ತುವರಿದರು. ಬರಿಗೈಲಿ ವಾಪಸ್. ಪೂರ್ತಿ ಬರಿಗೈ ಅಲ್ಲ, ಜೊತೆಗಿದ್ದ ಲ್ಯಾರಿ ಮ್ಯಾಕ್‌ಫೇಲ್ ಕೈಸರ್‌ನ ಆಶ್‌ಟ್ರೇ ಜೇಬಿಗೆ ಹಾಕಿಕೊಂಡು ಬಂದಿದ್ದ. ಇದೇ ಮ್ಯಾಕ್‌ಫೇಲ್ ಮುಂದೆ ಬೇಸ್‌ಬಾಲ್‌ನಲ್ಲಿ ದೊಡ್ಡ ಮನುಷ್ಯನಾದ. ಸೇನೆಯವರು ಲೀಗೆ ಚೆನ್ನಾಗಿ ಛೀಮಾರಿ ಹಾಕಿದರು. ಬೂಟು ಮರೆತ ರೈಲನ್ನು ಸಂಭಾಳಿಸಿದವನಿಗೆ ಚಕ್ರವರ್ತಿಯನ್ನು ಹೊತ್ತು ತರೋದೂ ಒಂದು ವೇಳಾಪಟ್ಟಿಯ ವಿಷಯ ಅನ್ನಿಸಿರಬೇಕು.

ಅಧ್ಯಕ್ಷರು ಗಡಿಯಾರ ತೋರಿಸ್ತಿದ್ದಾರೆ. ಸರಿ ಸರಿ.

ಆ ವರ್ಷ ಹನ್ನೆರಡಕ್ಕೆ ಹನ್ನೆರಡೂ ಗೆಲುವು. ಒಟ್ಟು 322 ಪಾಯಿಂಟ್, ಬಿಟ್ಟುಕೊಟ್ಟದ್ದು 10. ಆ ಹತ್ತನ್ನೂ ಗಳಿಸಿದ್ದು ಆಬರ್ನ್ ಒಂದೇ, ಅವರ ಕೋಚ್ ಜಾನ್ ಹೈಸ್‌ಮನ್. ಕಾಲೇಜು ಫುಟ್‌ಬಾಲ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಈಗಿನ ಹೈಸ್‌ಮನ್ ಟ್ರೋಫಿ ಅವರ ಹೆಸರಿನದೇ. ಹಿಂದೆ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಕೂತಿರೋ ತಮ್ಮಂದಿರಿಗೆ ಒಂದು ಸಣ್ಣ ಮಾಹಿತಿ: ಅದೇ ವರ್ಷ ಸೆವಾನಿ 46, ನಿಮ್ಮ ಟೆನೆಸಿ ಸೊನ್ನೆ. ಕೂಗಬೇಡಿ, ದಾಖಲೆ ಇದೆ.

1932ರ ಡಿಸೆಂಬರಿನಲ್ಲಿ ಎಸ್‌ಇಸಿ ಕಟ್ಟಿದಾಗ ಹದಿಮೂರು ಸಂಸ್ಥಾಪಕರಲ್ಲಿ ಸೆವಾನಿಯೂ ಒಂದು. ಅಲಬಾಮ, ಜಾರ್ಜಿಯ, ಎಲ್‌ಎಸ್‌ಯು ಪಂಕ್ತಿಯಲ್ಲೇ ಎಲೆ. ಆದರೆ ಅಷ್ಟರಲ್ಲಿ ಆಟ ಬೇರೆಯೇ ಆಗಿತ್ತು. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾವಿರಾರು ಹುಡುಗರು, ದೊಡ್ಡ ಕ್ರೀಡಾಂಗಣ, ಆಟಗಾರರಿಗೆ ವಿದ್ಯಾರ್ಥಿವೇತನ. ಗುಡ್ಡದ ಮೇಲೆ ಇವರ ಹತ್ತಿರ ಇದ್ದದ್ದು ಬೆರಳೆಣಿಕೆಯ ಹುಡುಗರು. ಎಸ್‌ಇಸಿಯೊಳಗೆ 37 ಫುಟ್‌ಬಾಲ್ ಪಂದ್ಯ ಆಡಿದರು, 37ನ್ನೂ ಸೋತರು.

"ನೋಡಿ, ಅದಕ್ಕೇ ಓಡಿಸಿದ್ದು" ಅಂತ ಹೋಳಿಗೆಯವರು ಹೇಳ್ತಾರೆ. ಅಲ್ಲ! ಸೋತವರನ್ನು ಯಾಕೆ ಓಡಿಸ್ತಾರೆ ಹೇಳಿ? ಎಲ್ಲರಿಗೂ ವರ್ಷಕ್ಕೊಂದು ಸುಲಭದ ಗೆಲುವು ಬೇಕು. ಅಂಥ ಅತಿಥಿಯನ್ನು ಯಾರೂ ಕಳಿಸಿಕೊಡಲ್ಲ. 1938ರಲ್ಲಿ ಅಲೆಕ್ಸಾಂಡರ್ ಗೆರ್ರಿ ಕುಲಪತಿಗಳಾಗಿ ಬಂದರು. ಅವರೂ ಅಲ್ಲೇ ಓದಿದವರು, ಆಟದ ದ್ವೇಷಿಯಲ್ಲ. ಆಟಗಾರರಿಗೆ ದುಡ್ಡು ಕೊಟ್ಟು ಕರೆತರೋದು ಕಾಲೇಜಿನ ಕೆಲಸ ಅಲ್ಲ ಅನ್ನೋದು ಅವರ ನಿಲುವು. 1940ರ ಡಿಸೆಂಬರಿನಲ್ಲಿ ಸೆವಾನಿ ಎಸ್‌ಇಸಿ ಬಿಟ್ಟಿತು. ತಾನಾಗಿ.

ಆವತ್ತು ಹಳೆಯ ವಿದ್ಯಾರ್ಥಿಗಳಿಗೆ ಹೇಗಾಗಿರಬೇಕು, ಯೋಚನೆ ಮಾಡಿ. 1899ರ ಹುಡುಗರಿಗೆ ಆಗ ಅರವತ್ತರ ಆಸುಪಾಸು.

ನೀವು ಕೇಳಬಹುದು, ಲೀ ಕೂಡ ಹೊರಟದ್ದು ಗೇಟಿನ ದುಡ್ಡಿಗೇ ಅಲ್ವಾ ಅಂತ. ಹೌದು, ಒಪ್ತೀನಿ. ಈ ಪ್ರಶ್ನೆ ನನ್ನನ್ನೂ ಕಾಡಿದೆ. ಆದರೆ ಆ ದುಡ್ಡಿನ ಹಿಂದೆ ಓಡಿದವನು ತರಗತಿಯಲ್ಲಿ ಕೂರೋ ಹುಡುಗ, ಆಡಿದವರು ಅವನ ಪಕ್ಕದ ಬೆಂಚಿನವರು. ಈಗ ಎಸ್‌ಇಸಿ ಎಲ್ಲಿದೆ ನೋಡಿ. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಒಪ್ಪಂದದ ಪ್ರಕಾರ ಒಂದೊಂದು ವಿಶ್ವವಿದ್ಯಾಲಯವೂ ಆ ಸಾಲಿನಲ್ಲಿ 2 ಕೋಟಿ 5 ಲಕ್ಷ ಡಾಲರ್‌ವರೆಗೆ ಆಟಗಾರರಿಗೆ ನೇರ ಹಂಚಬಹುದು. ಆಡೋ ಹುಡುಗರಿಗೆ ದುಡ್ಡು ಸಿಗಲಿ, ನನಗೆ ಸಂತೋಷವೇ. ಇಷ್ಟು ದಿನ ಅವರ ಬೆವರಿನಲ್ಲಿ ಬೇರೆಯವರು ಬಂಗಲೆ ಕಟ್ಟಿಕೊಂಡರು. ಆದರೆ ಅದನ್ನು ಕಾಲೇಜಿನ ಆಟ ಅಂತ ಕರೆಯೋದು ನನ್ನ ನಾಲಿಗೆಗೆ ಕಷ್ಟ.

ಚೀಟಿ ಬಂತು. "ಇನ್ನೆರಡು ನಿಮಿಷ". ಬರೆದುಕೊಂಡು ಬಂದದ್ದು ಇನ್ನೂ ನಾಲ್ಕು ಪುಟ ಇದೆ, ಮಡಚಿ ಇಡ್ತೀನಿ.

ಬಿಟ್ಟ ಮೇಲೆ ಆಟ ಸತ್ತಿತಾ? ಇಲ್ಲ. 1957ರಿಂದ ಇಪ್ಪತ್ತು ವರ್ಷ ಶರ್ಲಿ ಮೇಜರ್ಸ್ ಅಲ್ಲಿ ಕೋಚ್ ಆಗಿದ್ದರು. ನಿಮ್ಮ ಕಿತ್ತಳೆಯವರ ಹೆಸರಾಂತ ಆಟಗಾರ, ಕೋಚ್ ಜಾನಿ ಮೇಜರ್ಸ್ ಇದ್ದರಲ್ಲ, ಅವರ ತಂದೆ. 1958ರಲ್ಲೂ 1963ರಲ್ಲೂ ಒಂದೂ ಸೋಲದ ವರ್ಷ ಕಂಡರು. 1969ರಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿತು, ಆಮೇಲೆ ಅವರ ತಂಡಗಳೂ ಬಂದವು. ಅದರ ಬಗ್ಗೆ ಒಂದು ಬೇರೆ ಉಪನ್ಯಾಸವೇ ಬೇಕು, ಕಾರ್ಯದರ್ಶಿಗಳು ಮುಖ ಆ ಕಡೆ ತಿರುಗಿಸಿಕೊಂಡರು. ಈಗ ಅವರು ಆಡೋದು ಕಾಲೇಜು ಕ್ರೀಡೆಯ ಮೂರನೇ ದರ್ಜೆ, ಡಿವಿಷನ್ ಮೂರರಲ್ಲಿ. ಆಟಕ್ಕೆ ಅಂತ ವಿದ್ಯಾರ್ಥಿವೇತನ ಇಲ್ಲ, ಪದವಿ ಓದೋರು ಸುಮಾರು 1,700 ಜನ.

ಹೋಳಿಗೆಯವರು ಇಲ್ಲೇ ಇದ್ದೀರಿ, ಬಾಗಿಲ ಹತ್ತಿರ. ಬೇಜಾರು ಮಾಡಿಕೋಬೇಡಿ ರಾಯರೇ. ಶರತ್ಕಾಲದ ಒಂದು ಶನಿವಾರ ನನ್ನ ಕಾರಿನಲ್ಲೇ ಹೋಗೋಣ. ನ್ಯಾಶ್‌ವಿಲ್‌ನಿಂದ ಐ-24 ಹಿಡಿದರೆ ಒಂದೂವರೆ ಗಂಟೆ. 1891ರಿಂದ ಆಡ್ತಾ ಬಂದಿರೋ ಮೈದಾನದಲ್ಲೇ ಈಗಲೂ ಪಂದ್ಯ. ವಾಪಸ್ ಬರುವಾಗ ಊರಿನ ಗೇಟು ದಾಟೋ ಹೊತ್ತಿಗೆ ಎಲ್ಲರೂ ಕೈ ಎತ್ತಿ ಕಾರಿನ ಚಾವಣಿ ಮುಟ್ಟಬೇಕು. ಅಲ್ಲಿನ ದೇವತೆ ದಾರಿಯುದ್ದಕ್ಕೂ ಕಾಯ್ತಾಳೆ ಅನ್ನೋದು ಹುಡುಗರ ನಂಬಿಕೆ. ಬುತ್ತಿ ನಮ್ಮ ಮನೆಯಿಂದ. ನೀರಿನ ಪೀಪಾಯಿ ನೀವು ತನ್ನಿ.