ಮಾತು ಮುರಿದವರು ಯಾರು?

ಜೈಲಿನಿಂದ ತಪ್ಪಿಸಿಕೊಂಡವನ ಚಿತ್ರ ಎಂದ ಕೂಡಲೇ ನಾವೆಲ್ಲ ಬೇಟೆನಾಯಿಗಳಿಗೂ ಕೂದಲೆಳೆಯಲ್ಲಿ ಪಾರಾಗುವ ನಾಯಕನಿಗೂ ಕಾದು ಕೂರುತ್ತೇವೆ. 1932ರ ‘ಐ ಆಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’ನಲ್ಲಿ ಅದೆಲ್ಲ ಇದೆ. ಆದರೂ ನನ್ನನ್ನು ಅಲುಗಾಡಿಸಿದ್ದು ಅವನು ತಾನಾಗಿಯೇ ಜೈಲಿಗೆ ಮರಳುವ ಭಾಗ.

ಮರ್ವಿನ್ ಲೆರಾಯ್ ನಿರ್ದೇಶನ, ಪಾಲ್ ಮುನಿ ನಾಯಕ. ಮೊದಲ ಮಹಾಯುದ್ಧದಿಂದ ಮರಳಿದ ಜೇಮ್ಸ್ ಆಲೆನ್ ಕೆಲಸಕ್ಕಾಗಿ ಊರೂರು ಅಲೆದು, ಕೊನೆಗೆ ತನ್ನ ಪದಕವನ್ನು ಗಿರವಿ ಅಂಗಡಿಗೆ ಒಯ್ಯುತ್ತಾನೆ. ಅಂಗಡಿಯವನು ಆಗಲೇ ಬಂದು ಬಿದ್ದಿರುವ ಪದಕಗಳ ರಾಶಿ ತೋರಿಸುತ್ತಾನೆ. ಆ ಕಾಲದ ಅಮೆರಿಕದ ಬಗ್ಗೆ ಬೇರೆ ಭಾಷಣ ಬೇಕಿಲ್ಲ.

ಮುಂದೆ ಇನ್ನೊಬ್ಬ ಪಿಸ್ತೂಲು ಹಿಡಿದು ನಡೆಸಿದ ದರೋಡೆಯಲ್ಲಿ ಸಿಕ್ಕಿಬಿದ್ದು ಹತ್ತು ವರ್ಷ ಕಠಿಣ ಶಿಕ್ಷೆ. ಕಾಲಿಗೆ ಸರಪಳಿ, ಬಿಸಿಲಲ್ಲಿ ಕಲ್ಲು ಒಡೆಯುವ ಕೆಲಸ: ಇದೇ ಚೈನ್ ಗ್ಯಾಂಗ್. ಬೆವರು ಒರೆಸಿಕೊಳ್ಳಲೂ ಕಾವಲುಗಾರನ ಅಪ್ಪಣೆ. ಸೆಬಾಸ್ಟಿಯನ್ ಎಂಬ ಕಪ್ಪು ಕೈದಿ ದೊಡ್ಡ ಸುತ್ತಿಗೆಯಿಂದ ಆಲೆನ್‌ನ ಕಾಲಿನ ಬೇಡಿಗೇ ಹೊಡೆಯುತ್ತಾನೆ. ಪಾದ ಜಾರಿಬರುವಷ್ಟು ಅದು ಬಾಗಬೇಕು. ಏಟು ಗುರಿ ತಪ್ಪಿದರೆ ಕಾಲೇ ಹೋಯಿತು. ಮುನಿಯ ಮುಖ ನೋವಿಗೆ ಕಿವುಚಿಕೊಳ್ಳುತ್ತದೆ, ಆದರೆ ಚೀರುವಂತಿಲ್ಲ. ಇಷ್ಟು ಉಪಕಾರ ಮಾಡಿದ ಸೆಬಾಸ್ಟಿಯನ್‌ನನ್ನು ಚಿತ್ರ ಅಲ್ಲೇ ಕೈಬಿಡುತ್ತದೆ. ಅದು ನನಗೆ ಈಗಲೂ ಒಪ್ಪಿಗೆಯಿಲ್ಲ.

ತಪ್ಪಿಸಿಕೊಂಡವನು ಶಿಕಾಗೋದಲ್ಲಿ ಹೆಸರು ತಿರುಗಿಸಿಕೊಂಡು ಎಂಜಿನಿಯರ್ ಆಗುತ್ತಾನೆ, ಸೇತುವೆ ಕಟ್ಟುತ್ತಾನೆ. ಗುಟ್ಟು ರಟ್ಟಾದಾಗ ಅಧಿಕಾರಿಗಳು ಮಾತು ಕೊಡುತ್ತಾರೆ: 90 ದಿನ ಬಂದು ಹೋಗು, ಕ್ಷಮಾದಾನ ಖಂಡಿತ. ಕಾನೂನನ್ನು ನಂಬಿದ ಮನುಷ್ಯ ಹೊರಟು ನಿಲ್ಲುತ್ತಾನೆ. ಕ್ಷಮಾದಾನವನ್ನು ಮೊದಲು ನಿರಾಕರಿಸುತ್ತಾರೆ, ಆಮೇಲೆ ಅನಿರ್ದಿಷ್ಟ ಕಾಲಕ್ಕೆ ಮುಂದೂಡುತ್ತಾರೆ. ನನ್ನ ಲೆಕ್ಕದಲ್ಲಿ ಈ ಚಿತ್ರದ ನಿಜವಾದ ಅಪರಾಧ ಇದು, ದರೋಡೆಯಲ್ಲ. ಕೊನೆಗೆ ಮತ್ತೆ ಓಡಿಹೋದ ಆಲೆನ್, ಹೇಗೆ ಬದುಕುತ್ತೀಯ ಎಂದು ಕೇಳಿದ ಪ್ರೇಯಸಿಗೆ ಕದಿಯುತ್ತೇನೆ ಎನ್ನುತ್ತಾನೆ. ಕಳ್ಳನಲ್ಲದವನನ್ನು ಸರ್ಕಾರವೇ ಕಳ್ಳನನ್ನಾಗಿ ಮಾಡಿತು.

ಇದು ಬರೀ ಕಟ್ಟುಕಥೆಯೂ ಅಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಸರಪಳಿ ಶಿಬಿರದಿಂದ ಎರಡು ಸಲ ತಪ್ಪಿಸಿಕೊಂಡ ರಾಬರ್ಟ್ ಎಲಿಯಟ್ ಬರ್ನ್ಸ್ ಬರೆದ ಆತ್ಮಕಥೆ ಇದರ ಮೂಲ. ಪುಸ್ತಕದ ಹೆಸರಿನಲ್ಲಿದ್ದ ಜಾರ್ಜಿಯಾವನ್ನು ಚಿತ್ರದ ಹೆಸರಿನಿಂದ ತೆಗೆದುಹಾಕಿದರು. ಅಷ್ಟು ಧೈರ್ಯದ ಚಿತ್ರಕ್ಕೆ ಈ ಅಳುಕು ಶೋಭೆಯಲ್ಲ. ಚಿತ್ರ ತೆರೆಗೆ ಬಂದಾಗ ಬರ್ನ್ಸ್ ಇನ್ನೂ ಜಾರ್ಜಿಯಾಕ್ಕೆ ಬೇಕಾದ ಕೈದಿಯೇ ಆಗಿದ್ದರು. ಅವರ ಶಿಕ್ಷೆ ಮುಗಿದಂತೆ ಎಂದು ಆ ರಾಜ್ಯ ಒಪ್ಪಿದ್ದು 1945ರಲ್ಲಿ.