ಯಾರನ್ನೂ ಕರೆಯದ ಫಂಕ್ಷನ್: ಯಹೂದಿಗಳ ಬ್ರಿತ್ ಮಿಲಾ

ನಮಸ್ಕಾರ ಎಲ್ರಿಗೂ! ಗಂಡು ಮಗು ಹುಟ್ಟಿದೆ, ಮನೆ ತುಂಬಾ ಸಂಭ್ರಮ, ಆದ್ರೆ ಒಬ್ರಿಗೂ "ಬನ್ನಿ" ಅಂತ ಹೇಳಲ್ಲ. ತುಂಬಾ ಯಹೂದಿ ಮನೆಗಳಲ್ಲಿ ಸುನ್ನತಿ, ಅಂದ್ರೆ ಬ್ರಿತ್ ಮಿಲಾ, ಇಷ್ಟ್ ಗಂಟೆಗೆ ಇಂಥಾ ಕಡೆ ಇದೆ ಅಂತ ಸುದ್ದಿ ಮುಟ್ಟಿಸ್ತಾರೆ ಅಷ್ಟೇ. ಯಾಕಂದ್ರೆ ಕರೆದ್ಮೇಲೆ ಹೋಗದಿದ್ರೆ ದೋಷ ಅಂತ ನಂಬಿಕೆ, ಪಾಪ ಬರಕ್ಕಾಗದೇ ಇರೋರನ್ನ ಯಾಕೆ ಸಿಕ್ಕಿಸೋದು ಅಂತ.

ನಡೆಯೋದು 8ನೇ ದಿನ. ಹುಟ್ಟಿದ ದಿನಾನೂ ಲೆಕ್ಕಕ್ಕೆ ಬರುತ್ತೆ, ಮತ್ತೆ ಅವರಿಗೆ ಸಂಜೆ ಕತ್ತಲಾದ್ರೆ ಮರುದಿನ ಶುರು, ಹಾಗಾಗಿ ಮಂಗಳವಾರ ಮಧ್ಯಾಹ್ನ ಹುಟ್ಟಿದ್ರೆ ಮುಂದಿನ ಮಂಗಳವಾರ, ಅದೇ ಮಂಗಳವಾರ ರಾತ್ರಿ ಹುಟ್ಟಿದ್ರೆ ಮುಂದಿನ ವಾರದ ಬುಧವಾರ! ಸಬ್ಬತ್, ಅಂದ್ರೆ ಅವರ ಶನಿವಾರದ ವಿಶ್ರಾಂತಿ ದಿನ ಬಂದ್ರೂ, ವರ್ಷದ ಅತಿ ಪವಿತ್ರ ದಿನ ಯೋಮ್ ಕಿಪ್ಪೂರ್ ಉಪವಾಸ ಬಂದ್ರೂ ನಿಲ್ಲಿಸಲ್ಲ. ಆದ್ರೆ ಸಬ್ಬತ್ ದಿನ ಸಿಸೇರಿಯನ್ ಆಗಿ ಹುಟ್ಟಿದ್ರೆ ಸಬ್ಬತ್ತಲ್ಲಿ ಮಾಡಲ್ಲ, ಮುಂದಕ್ಕೆ ಹಾಕ್ತಾರೆ. ಮಗುಗೆ ಕಾಮಾಲೆ ಇದ್ರೂ ಕಾಯ್ತಾರೆ. ಇಬ್ಬರು ಅಣ್ಣಂದಿರು ಸುನ್ನತಿಯಿಂದ ಸತ್ತಿದ್ರೆ ಮೂರನೆಯವನಿಗೆ ಮಾಡಬೇಡಿ ಅಂತ ಅವರ ಹಳೇ ಧರ್ಮಶಾಸ್ತ್ರ ಗ್ರಂಥ ತಾಲ್ಮುದಲ್ಲೇ ಇದೆ, ರಕ್ತ ನಿಲ್ಲದ ಕಾಯಿಲೆಗೆ ಹೀಮೋಫೀಲಿಯಾ ಅಂತ ಹೆಸರು ಬರೋದಕ್ಕೆ ಎಷ್ಟೋ ಶತಮಾನ ಮೊದಲು. ನಂಗೆ ಇದೇ ಆಶ್ಚರ್ಯ.

(ಸ್ಕ್ರೀನ್ ಮೇಲೆ ಖಾಲಿ ಕುರ್ಚಿ)

ಈ ಕುರ್ಚಿ ನೋಡಿ, ಯಾರೂ ಕೂರಲ್ಲ. ಪ್ರವಾದಿ ಎಲೀಯ ಪ್ರತಿ ಬ್ರಿತ್‌ಗೂ ಬರ್ತಾನೆ ಅನ್ನೋ ನಂಬಿಕೆ, ಮಗೂನ ಒಂದ್ ಗಳಿಗೆ ಅದರ ಮೇಲೆ ಇಟ್ಟು ಎತ್ಕೊಳ್ತಾರೆ. ಅಮ್ಮನ ಕೈಯಿಂದ ಮಗೂನ ತರೋ ಗೌರವ ಎಷ್ಟೋ ಕಡೆ ಇನ್ನೂ ಮಕ್ಕಳಾಗದ ದಂಪತಿಗೆ ಕೊಡ್ತಾರೆ, ಅವರ ಮಡಿಲೂ ತುಂಬ್ಲಿ ಅಂತ. ಆಮೇಲೆ ಸಂದಕ್, ಅಂದ್ರೆ ಮಗೂನ ಹಿಡ್ಕೊಳ್ಳೋರು, ಹೆಚ್ಚಾಗಿ ತಾತ, ತೊಡೆ ಮೇಲೆ ಮಲಗಿಸ್ಕೊಳ್ತಾರೆ, ಸುನ್ನತಿ ಮಾಡೋ ಮೊಹೆಲ್ ಕ್ಷಣದಲ್ಲಿ ಕೆಲಸ ಮುಗಿಸ್ತಾರೆ. ಅಳುನೇ ಬಿಡಿ, ಇದ್ದಿದ್ದೇ, ತುಟಿಗೆ ಒಂದ್ ಹನಿ ವೈನ್ ಮುಟ್ಟಿಸ್ತಾರೆ. ಹೆಸರು ಎಲ್ಲರ ಮುಂದೆ ಹೇಳೋದು ಆಗ್ಲೇ. ಅಶ್ಕೆನಾಝಿಗಳು, ಅಂದ್ರೆ ಮಧ್ಯ-ಪೂರ್ವ ಯುರೋಪ್ ಮೂಲದ ಯಹೂದಿಗಳು, ತೀರಿಹೋದ ಹಿರಿಯರ ಹೆಸರಿಡ್ತಾರೆ, ಸ್ಪೇನ್-ಪೋರ್ಚುಗಲ್ ಮೂಲದ ಸೆಫಾರ್ದಿಗಳಲ್ಲಿ ಎದುರಿಗೇ ಕೂತಿರೋ ತಾತನ ಹೆಸರೂ ಇಡ್ತಾರೆ. ಬ್ರಿತ್ ಅಂದ್ರೆ ದೇವರ ಜೊತೆಗಿನ ಒಡಂಬಡಿಕೆ, ತೋರಾ ಅಂದ್ರೆ ಅವರ ಧರ್ಮಗ್ರಂಥ; ಬಂದೋರೆಲ್ಲ "ಒಡಂಬಡಿಕೆಗೆ ಬಂದ ಹಾಗೇ ತೋರಾಕ್ಕೂ, ಮದುವೆ ಮಂಟಪಕ್ಕೂ, ಒಳ್ಳೆ ಕೆಲಸಗಳಿಗೂ ಬರ್ಲಿ" ಅಂತ ಹರಸ್ತಾರೆ.

ಇನ್ನು ಊಟ! ಅದೂ ವಿಧಿಯ ಭಾಗನೇ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ಇಂಥಾ ಶುಭ ಸಮಯದಲ್ಲಿ ಎಲೀಯನ್ನ ನೆನೆದು ಮಲಿದಾ ಮಾಡ್ತಾರೆ: ಅವಲಕ್ಕಿ, ಕಾಯಿತುರಿ, ಸಿಹಿ, ಪಕ್ಕದಲ್ಲಿ ಹಣ್ಣುಗಳು. ನಮ್ಮ ಸಿಹಿ ಅವಲಕ್ಕಿ ಥರಾನೇ, ಆದ್ರೆ ಮುಂದೆ ಹೇಳೋ ಪ್ರಾರ್ಥನೆ ಹೀಬ್ರೂದಲ್ಲಿ.